ಬ್ರೀದರ್ ಪೈಪಿಗೊಂದು ತೂತು

ಮಹಾಗಾಂವ ಕ್ರಾಸಿನಾಗ ಒಂದು ಹಳೇ ಬುಲೆಟ್ ನೋಡಿದೆ. ಎಂಜಿನ್ನಿನ ಆವಿ ಹೊರಗ ಬಿಡೋ ಬ್ರೀದರಿಗೆ ನೀರಿನ ಪೈಪಿನ ತುಂಡು ಸಿಗಿಸ್ಯಾರ. ಎಣ್ಣಿ ಕುಡಿದು ಉಬ್ಬಿ ಮೆತ್ತಗಾಗೇದ, ಕ್ಲಿಪ್ಪಿನ ಸುತ್ತ ಕರೀ ಜಿಡ್ಡು. ಎಣ್ಣಿ ತಡಿಯೋ ನೈಟ್ರೈಲ್ ರಬ್ಬರ್ ಹಾಕಿದ್ರ ಮುಗೀತು. ಬೈಕಿಗೆ ಅಷ್ಟೇ.

ಮನ್ಯಾಗ ವಿಮಾನ ಕಟ್ಟೋರ ಚಿಂತಿ ಬ್ಯಾರೆ. ಮ್ಯಾಲಿನ ಥಂಡಿಗೆ ಎಂಜಿನ್ನಿನ ಆವಿ ಬ್ರೀದರ್ ಪೈಪಿನ ಬಾಯಾಗೇ ಹೆಪ್ಪುಗಟ್ಟಿದ್ರ, ಒಳಗಿನ ಒತ್ತಡ ಕ್ರ್ಯಾಂಕಿನ ಸೀಲ್ ಕಿತ್ತು ಎಣ್ಣಿ ಹೊರಗ ಚೆಲ್ಲತದ. ಅದಕ್ಕ ಎಂಜಿನ್ನಿನ ಹೊದಿಕಿ, ಅಂದ್ರ ಕೌಲಿಂಗಿನ ಒಳಗ, ಬೆಚ್ಚನ ಜಾಗಾದಾಗ, ಪೈಪಿಗೆ ಬೇಕಂತಲೇ ಒಂದು ತೂತು ಬಿಡ್ತಾರ. ಛಂದ ಬುದ್ಧಿ!

ನಮ್ಮ ಕಲಬುರಗಿ ಬಿಸಿಲಾಗ ಹಿಮದ ಮಾತೇನು ಅಂತೀರಿ? ಮ್ಯಾಲ ಹೋದಂಗ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳೀತದ. ಚಳಿಗಾಲದ ಮುಂಜಾನಿ ಇಲ್ಲಿ 15 ಇದ್ರ, ಲೆಕ್ಕದ ಪ್ರಕಾರ ನೆಲದಿಂದ 2,500 ಮೀಟರ್ ದಾಟೋದ್ರಾಗ ಸೊನ್ನಿ.