ವಿದ್ಯುನ್ನಾದ ಮತ್ತು ಆಲಿಸುವ ಕಿವಿ

ಸಂಗೀತವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತಂಬೂರಿ, ಹಾರ್ಮೋನಿಯಂ, ತಬಲಾಗಳ ಸಾಲು. ವಿದ್ಯುತ್ತಿನಿಂದಲೇ ಹುಟ್ಟುವ ನಾದವನ್ನು ಯಂತ್ರದ ಕೂಗೆಂದು ತಳ್ಳಿಹಾಕುವವರೇ ಹೆಚ್ಚು. ಮೂರು ದಶಕಗಳಿಗೂ ಮಿಕ್ಕಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದ ನಾನು, ನಿವೃತ್ತಿಯ ತರುವಾಯ ಇಂಥ ನಾದವನ್ನು ಹೊರಡಿಸುವ ಪುಟ್ಟ ಯಂತ್ರಗಳನ್ನು ಕೈಯಾರೆ ಕಟ್ಟುತ್ತ ಬಂದಿದ್ದೇನೆ. "ಈ ವಯಸ್ಸಿನಲ್ಲಿ ಇದೇಕೆ, ಮಾಸ್ತರರೇ?" ಎಂದು ಕೇಳುವ ಮಿತ್ರರಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಯಂತ್ರಗಳಿಗೆ ಸಿಂಥಸೈಜರ್ ಎಂದು ಹೆಸರು. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಇಂಥದೊಂದನ್ನು ಬಿಡಿ ಬಿಡಿ ಘಟಕಗಳಾಗಿ ರೂಪಿಸಿದರು. ಒಂದು ಘಟಕ ಸ್ವರವನ್ನು ಹುಟ್ಟಿಸುತ್ತದೆ, ಇನ್ನೊಂದು ಅದರ ಅಂಶಗಳನ್ನು ಸೋಸುತ್ತದೆ, ಮತ್ತೊಂದು ಅದರ ಗಟ್ಟಿತನವನ್ನು ಏರಿಳಿಸುತ್ತದೆ. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಯಾವ ಘಟಕವನ್ನು ಯಾವುದಕ್ಕೆ ತಂತಿಯಿಂದ ಜೋಡಿಸಬೇಕೆಂಬುದು ನುಡಿಸುವವರ ಇಚ್ಛೆಗೆ ಬಿಟ್ಟ ವಿಷಯ. ಹೀಗಾಗಿ ಇದಕ್ಕೆ ಮಾಡ್ಯುಲರ್ ಎಂಬ ವಿಶೇಷಣ ಬಂದಿದೆ. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಡಾನ್ ಬುಕ್ಲಾ ಅವರು ಪಿಯಾನೋ ಮಾದರಿಯ ಕಪ್ಪು-ಬಿಳುಪು ಕೀಲಿಮಣೆಯನ್ನೇ ಕೈಬಿಟ್ಟರು. ಹಳೆಯ ಕೀಲಿಮಣೆಯಿದ್ದರೆ ಬೆರಳು ಹಳೆಯ ರಾಗವನ್ನೇ ಹುಡುಕುತ್ತದೆಂಬುದು ಅನುಭವದ ಮಾತು.

ನನ್ನ ಯಂತ್ರ ಇವುಗಳ ಮುಂದೆ ಅತ್ಯಲ್ಪವಾದುದು. 1972ರಲ್ಲಿ ಮಾರುಕಟ್ಟೆಗೆ ಬಂದ 555 ಎಂಬ ಚಿಪ್, ಎರಡು ರೆಸಿಸ್ಟರ್, ಒಂದು ಕೆಪ್ಯಾಸಿಟರ್, ಹಳೆಯ ರೇಡಿಯೋದಿಂದ ಕಳಚಿದ ಸ್ಪೀಕರ್, 9 ವೋಲ್ಟಿನ ಬ್ಯಾಟರಿ. ಇಷ್ಟೇ ಅದರ ಸಂಪತ್ತು. ಕೆಪ್ಯಾಸಿಟರ್ ತುಂಬಿ ಬರಿದಾಗುವ ವೇಗವೇ ಸ್ವರದ ಎತ್ತರ. ರೆಸಿಸ್ಟರಿನ ಸ್ಥಾನದಲ್ಲಿ ತಿರುಗಿಸುವ ಗುಂಡಿಯನ್ನಿಟ್ಟರೆ ಸ್ವರ ಮೇಲೆ ಕೆಳಗೆ ಜಾರುತ್ತದೆ. ಇಂಥವೇ ಎರಡನ್ನು ಜೊತೆಯಾಗಿ ನುಡಿಸಿ, ಒಂದನ್ನು ಸೆಕೆಂಡಿಗೆ 240 ಕಂಪನಗಳಿಗೂ ಇನ್ನೊಂದನ್ನು 243ಕ್ಕೂ ನಿಲ್ಲಿಸಿದರೆ, ಸೆಕೆಂಡಿಗೆ ಮೂರು ಬಾರಿ ನಾದ ಉಬ್ಬಿ ತಗ್ಗುತ್ತದೆ. ತಂಬೂರಿಯನ್ನು ಶ್ರುತಿಗೊಳಿಸುವವರ ಕಿವಿ ಹುಡುಕುವುದೂ ಈ ಏರಿಳಿತವನ್ನೇ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯಿಟ್ಟು, ಅದನ್ನು ಕೂದಲೆಳೆಯಷ್ಟು ಸರಿಸಿ ನಾದವನ್ನು ತುಂಬಿಸಿದ ನಮ್ಮ ಹಿರಿಯರೂ ಪ್ರಯೋಗಶೀಲರೇ ಅಲ್ಲವೆ? ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಯನ್ನು ಇಂದು ಕಛೇರಿಗಳಲ್ಲಿ ಯಾರೂ ಪರಕೀಯವೆಂದು ಭಾವಿಸುವುದಿಲ್ಲ.

ಇಂಥ ಪ್ರಯೋಗ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಯಂತ್ರವೊಂದನ್ನು ನೆಲೆಗೊಳಿಸಿ, ವಿದ್ಯುತ್ ಸಂಗೀತದ ಕೊಠಡಿಯನ್ನು ಆರಂಭಿಸಿದರು. ಇದರ ಹಿಂದೆ ಪಖವಾಜ್ ವಾದಕಿ ಗೀತಾ ಸಾರಾಭಾಯಿಯವರ ಆಸಕ್ತಿಯಿತ್ತು. ಇವರು 1946ರಲ್ಲಿಯೇ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತದ ತತ್ತ್ವವನ್ನು ತಿಳಿಸಿ, ಪ್ರತಿಯಾಗಿ ಅವರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತವರು. ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಯ ಜೋಶಿಪುರ ಮೊದಲಾದವರು ಅಲ್ಲಿ ಕುಳಿತು ನಾದಗಳನ್ನು ಹುಡುಕಿದರು. ಮಾಥುರರ ಒಂದು ಕೃತಿಗೆ, 'ಒಮ್ಮೆ ನಾನು ತಂಬೂರಿ ನುಡಿಸಿದ್ದೆ' ಎಂಬ ಅರ್ಥ ಬರುವ ಹೆಸರಿದೆ. ಕೆಲವೇ ವರ್ಷಗಳಲ್ಲಿ ಆ ಕಾರ್ಯ ನಿಂತುಹೋಯಿತು. ಧ್ವನಿಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದವು. 2017ರಲ್ಲಿ ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದರು ಅವನ್ನು ಗುರುತಿಸಿದರು. 1969ರಿಂದ 1972ರವರೆಗಿನ ಆ ಸಂಗೀತ 2023ರಲ್ಲಿ ಪ್ರಕಟವಾಯಿತು. ನಾದವೇನೋ ಸುರುಳಿಯಲ್ಲಿತ್ತು, ಸುಮಾರು 45 ವರ್ಷ ಅದಕ್ಕೆ ಕಿವಿಗೊಟ್ಟವರಿರಲಿಲ್ಲ.

ಈ ಸಂಗತಿ ನನ್ನನ್ನು ಇಷ್ಟು ಆಳವಾಗಿ ತಟ್ಟಿದ್ದಕ್ಕೆ ಒಂದು ಕಾರಣವುಂಟು. ರಜೆಗೆ ಬಂದಿದ್ದ ಮೊಮ್ಮಗನ ಎದುರಿಗೆ ಒಂದು ಸಂಜೆ ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತಿದ್ದೆ. ಸ್ವರ ಸಣ್ಣಗಾಗುತ್ತ ಹೋಗಿ ನಿಂತಿತು. "ಬ್ಯಾಟರಿ ತೀರಿರಬೇಕು" ಎಂದೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು, "ಇಲ್ಲ ಅಜ್ಜಾ, ಇನ್ನೂ ಕೇಳಸ್ತೈತಿ!" ಎಂದ. ಮೀಟರಿನಿಂದ ಅಳೆದಾಗ 11,000 ಕಂಪನಗಳೆಂದು ತೋರಿಸಿತು. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಿ ಮೊದಲು ಎತ್ತರದ ಸ್ವರಗಳೇ ಕೈಬಿಡುತ್ತವೆಂದು ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ಅಂದು ಅದೇ ಪಾಠ ನನ್ನ ಮನೆಯ ಮೇಜಿನ ಮೇಲೆ ನನಗಾಯಿತು. ಮನಸ್ಸು ಕೊಂಚ ಕಳವಳಗೊಂಡಿತೆಂಬುದು ನಿಜ. ಆದರೆ ಹುಡುಗನಿಗೆ ಅದರಲ್ಲಿ ದುಃಖವೇನೂ ಕಾಣಲಿಲ್ಲ. ಗುಂಡಿಯನ್ನು ತಾನೇ ಹಿಡಿದು, ಎಲ್ಲಿಯವರೆಗೆ ಕೇಳಿಸುವುದೆಂದು ನೋಡುತ್ತ ಹೋದ. ಅವನು ಹೇಳಿದ ಅಂಕಿಗಳನ್ನು ನಾನು ಬರೆದುಕೊಂಡೆ. ಅಜ್ಜನಿಗೆ ದಕ್ಕದ ನಾದಕ್ಕೆ ಮೊಮ್ಮಗ ಸಾಕ್ಷಿಯಾಗಿ ಕುಳಿತಿದ್ದ.

ಅಂದಿನಿಂದ ನಾನು ಕಟ್ಟುವ ಯಂತ್ರಗಳು ನನ್ನ ಕಿವಿಗಾಗಿ ಮಾತ್ರ ಆಗಿಲ್ಲ. ನಮ್ಮ ಕಿವಿಯ ಎಲ್ಲೆಯಾಚೆಗಿರುವುದನ್ನು ಇಲ್ಲವೆಂದು ಭಾವಿಸುವುದು ಸುಲಭ. ಅಹಮದಾಬಾದಿನ ಪ್ರಯೋಗವನ್ನು ವ್ಯರ್ಥವೆಂದು ಬಗೆದು ಆ ಸುರುಳಿಗಳನ್ನು ಯಾರಾದರೂ ಅಂದೇ ಎಸೆದಿದ್ದರೆ, ಅದನ್ನು ಆಲಿಸಬೇಕಾಗಿದ್ದ ಮುಂದಿನ ಪೀಳಿಗೆ ಬರಿಗೈಯಲ್ಲಿ ಉಳಿಯುತ್ತಿತ್ತು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ವಿದ್ಯಾಭಿಮಾನಿಗಳಾದ ದಾನಿಗಳಲ್ಲಿಯೂ ನನ್ನದೊಂದು ಅರಿಕೆ. ಪ್ರಯೋಗಾಲಯಕ್ಕೆ ಬೆಲೆಬಾಳುವ ಉಪಕರಣ ಬಂದರೆ ಸಂತೋಷವೇ. ಅದರ ಜೊತೆಗೆ ಹತ್ತಾರು ರೂಪಾಯಿಯ ಬಿಡಿಭಾಗಗಳನ್ನೂ, ಪರೀಕ್ಷೆಯ ಅಂಕಗಳಿಗೆ ಸಂಬಂಧಿಸದ ಒಂದು ತಾಸಿನ ಬಿಡುವನ್ನೂ ಮಕ್ಕಳಿಗೆ ಕೊಡೋಣ. ಅವರು ಹೊರಡಿಸಿದ ನಾದ ನಮಗೆ ಕರ್ಕಶವೆನಿಸಬಹುದು, ಕೆಲವೊಮ್ಮೆ ಕೇಳಿಸದೆಯೂ ಇರಬಹುದು. ಆದರೂ ಅದನ್ನು ಧ್ವನಿಮುದ್ರಿಸಿ, ಹೆಸರು ಮತ್ತು ದಿನಾಂಕ ಬರೆದು, ಶಾಲೆಯ ಕಪಾಟಿನಲ್ಲಿ ಜೋಪಾನವಾಗಿ ಇರಿಸೋಣ.