ಗಾಜಿನ ಬಾಗಿಲಿನಾಚೆ

2024ರ ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ ದೊಡ್ಡಮ್ಮನನ್ನು ಆರ್.ಟಿ. ನಗರದಿಂದ ಕರೆದುಕೊಂಡು, ಹೆಬ್ಬಾಳದ ಮೇಲ್ಸೇತುವೆ ದಾಟಿ ದೇವನಹಳ್ಳಿಯ ಕಡೆಗೆ ಹೊರಟಾಗ, ನನ್ನ ಪಾಲಿನ ಕರ್ತವ್ಯವನ್ನೆಲ್ಲ ನೆರವೇರಿಸಿದ್ದೇನೆಂಬ ಸಮಾಧಾನ ನನಗಿತ್ತು. 78 ವರ್ಷದ ಅವರು ಮಸ್ಕತ್‌ನಲ್ಲಿರುವ ಮಗಳ ಮನೆಗೆ ಒಬ್ಬರೇ ಹೊರಟಿದ್ದರು.

ಗಾಲಿಕುರ್ಚಿಗೆ ಅವರನ್ನು ಒಪ್ಪಿಸುವುದೇ ಸಾಹಸವಾಗಿತ್ತು. "ಕಾಲಿಲ್ಲದವಳೇನೋ ನಾನು? ಮಾರ್ಕೆಟ್ಟಿಗೆ ಈಗಲೂ ನಡೆದೇ ಹೋಗ್ತೀನಲ್ಲ" ಎಂದು ಮುನಿಸಿಕೊಂಡಿದ್ದರು. ಎರಡನೆಯ ಟರ್ಮಿನಲ್ 2.55 ಲಕ್ಷ ಚದರ ಮೀಟರ್ ವಿಸ್ತಾರದ್ದು ಎಂದರೂ ಅವರು ಜಗ್ಗಲಿಲ್ಲ. ಕೊನೆಗೆ ಆ ವರ್ಷದ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದದ್ದನ್ನು ಹೇಳಬೇಕಾಯಿತು. ನ್ಯೂಯಾರ್ಕಿನಿಂದ ಬಂದಿಳಿದ 80 ವರ್ಷದ ಹಿರಿಯರೂ ಅವರ ಪತ್ನಿಯೂ ತಲಾ ಒಂದು ಗಾಲಿಕುರ್ಚಿ ಕಾಯ್ದಿರಿಸಿದ್ದರು, ಸಿಕ್ಕಿದ್ದು ಒಂದೇ. ಪತ್ನಿಯನ್ನು ಅದರಲ್ಲಿ ಕೂರಿಸಿ ಜೊತೆಗೆ ನಡೆದ ಆ ಹಿರಿಯರು ವಲಸೆ ತಪಾಸಣೆಯ ಬಳಿ ಕುಸಿದರು, ಬದುಕಲಿಲ್ಲ. ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ದೊಡ್ಡಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆಯ್ತು, ಬರೆಸು" ಎಂದರು.

48 ಗಂಟೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದ್ದರೂ ನಾನು ವಾರಕ್ಕೆ ಮೊದಲೇ ಬರೆಸಿದೆ. ಅಲ್ಲಿಯೂ ಒಂದು ಎಡವಟ್ಟು. ಗಾಲಿಕುರ್ಚಿಯ ಕೋರಿಕೆಗೆ ಸಂಕೇತಾಕ್ಷರಗಳಿವೆ: ಕೊನೆಯಲ್ಲಿ 'ಆರ್' ಇದ್ದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಬಲ್ಲರು, 'ಎಸ್' ಇದ್ದರೆ ಮೆಟ್ಟಿಲನ್ನೂ ಹತ್ತಲಾರರು, 'ಸಿ' ಇದ್ದರೆ ಆಸನದವರೆಗೂ ಕರೆದೊಯ್ಯಬೇಕು. ಟಿಕೆಟ್ ಮಾಡಿಸಿದ ಏಜೆಂಟರು 'ಆರ್' ಹಾಕಿಬಿಟ್ಟಿದ್ದರು. ವಿಮಾನ ದೂರದಲ್ಲಿ ನಿಂತು, ಬಸ್ಸಿನಲ್ಲಿ ಹೋಗಿ ಏಣಿ ಹತ್ತಬೇಕಾಗಿ ಬಂದಿದ್ದರೆ ದೊಡ್ಡಮ್ಮನ ಮೊಣಕಾಲಿನ ಗತಿಯೇನು? ಹಟ ಹಿಡಿದು ಅದನ್ನು 'ಎಸ್' ಮಾಡಿಸಿದೆ. ಔಷಧಿಗಳು ಕೈಚೀಲದಲ್ಲಿ, ಮಗಳ ದೂರವಾಣಿ ಸಂಖ್ಯೆ ಪಾಸ್‌ಪೋರ್ಟಿನೊಳಗೆ. ಟಿಕೆಟ್ ಇಲ್ಲದ ನಾನು ಗಾಜಿನ ಬಾಗಿಲಲ್ಲೇ ನಿಂತೆ. ಯುವಕನೊಬ್ಬ ಕುರ್ಚಿ ತಳ್ಳಿಕೊಂಡು ಒಳನಡೆದ. ದೊಡ್ಡಮ್ಮ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ತಂಗಿಯ ಕರೆ ಬಂತು. "ಅಣ್ಣಾ, ಅಮ್ಮ ಇಳಿದ ಕೂಡಲೇ ತಲೆಸುತ್ತು ಬಂದು ಒರಗಿಬಿಟ್ಟರು. ನಿನ್ನೆ ರಾತ್ರಿಯಿಂದ ಒಂದು ಗುಟುಕು ನೀರು ಕುಡಿದಿಲ್ಲವಂತೆ."

ಕಾರಣ ತಿಳಿದಾಗ ನಾಚಿಕೆಯಾಯಿತು. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಹೋಗಬೇಕಾದರೆ ಕುರ್ಚಿ ತಳ್ಳುವವನನ್ನು ಕೇಳಬೇಕು. "ನನ್ನ ಮೊಮ್ಮಗನ ವಯಸ್ಸಿನ ಹುಡುಗ ಕಣೋ. ಅವನನ್ನು ಹ್ಯಾಗೆ ಕೇಳಲಿ?" ಎಂದರು ದೊಡ್ಡಮ್ಮ. ಕೇಳಬೇಕೆಂದುಕೊಂಡಿದ್ದರೂ ಆತ ಇರಲಿಲ್ಲ. ಗೇಟಿನ ಬಳಿ ಇವರನ್ನು ಬಿಟ್ಟು ಇನ್ನೊಬ್ಬರನ್ನು ಕರೆತರಲು ಹೋಗಿದ್ದ. ಅದು ಅವನ ತಪ್ಪೆಂದು ನಾನು ಹೇಳಲಾರೆ. ಒಬ್ಬೊಬ್ಬರ ಕೈಗೆ ಎಷ್ಟು ಹಿರಿಯರೋ! ಸಂಕೇತಾಕ್ಷರಕ್ಕಾಗಿ ಅಷ್ಟೊಂದು ಜಗಳವಾಡಿದ ನನಗೆ, 'ಬೇಕಾದ್ದನ್ನು ಕೇಳಿ ದೊಡ್ಡಮ್ಮ, ಅದು ನಿಮ್ಮ ಹಕ್ಕು' ಎಂಬ ಒಂದು ಮಾತು ಹೊಳೆದಿರಲಿಲ್ಲ.

ಮೂರು ತಿಂಗಳ ನಂತರ ಹಿಂದಿರುಗುವಾಗ, ನಾನು ಹೇಳಿದಂತೆ ತಂಗಿ ಒಂದು ಚೀಟಿ ಬರೆದುಕೊಟ್ಟಳು: "ದಯವಿಟ್ಟು ನನ್ನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ." ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ. ಮಾತನಾಡಲು ಸಂಕೋಚವಾದರೆ ತೋರಿಸಿದರೆ ಸಾಕು. ಕುಡಿಯುವುದನ್ನು ಬಿಡುವುದಿಲ್ಲವೆಂದು ಅವಳು ಮಾತನ್ನೂ ತೆಗೆದುಕೊಂಡಳು.

ದೇವನಹಳ್ಳಿಯಲ್ಲಿ ಆಗಮನದ ಬಾಗಿಲು ತೆರೆದಾಗ ಕುರ್ಚಿ ತಳ್ಳುತ್ತಿದ್ದವಳು ಕೋಲಾರದ ಕಡೆಯ ಹೆಣ್ಣುಮಗಳು. ಇಬ್ಬರೂ ಅವಳ ತಾಯಿಯ ಮಂಡಿನೋವಿನ ಕುರಿತು ಮಾತಿಗಿಳಿದಿದ್ದರು. ದೊಡ್ಡಮ್ಮನ ಮುಖ ಗೆಲುವಾಗಿತ್ತು.

ಕಾರು ಯಲಹಂಕದ ಹತ್ತಿರ ಬಂದಾಗ ಕೇಳಿದೆ: "ಚೀಟಿ ಉಪಯೋಗಕ್ಕೆ ಬಂತೇ?"

"ಒಂದು ಸಲ ತೋರಿಸಿದೆ. ಎರಡನೇ ಸಲ ನಾನೇ ಬಾಯಿಬಿಟ್ಟು ಕೇಳಿದೆ."

"ಎಲ್ಲಿ, ಕೊಡಿ, ಮುಂದಿನ ಸಲಕ್ಕೆ ಎತ್ತಿಡೋಣ."

"ಇಲ್ಲ ಕಣೋ. ಮಸ್ಕತ್‌ನಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬಾಕೆ ಕೂತಿದ್ದರು. ನನಗಿಂತ ದೊಡ್ಡವರು. ಪಾಪ, ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಅವರಿಗೆ ಕೊಟ್ಟುಬಿಟ್ಟೆ."