ಕಡಲ ತಡಿಯ ಹಳದಿ

ನಮ್ಮ ಮನೆಯ ಉತ್ತರದ ಕೋಣೆ ತಾಯಿಯವರದು. ಅದಕ್ಕೆ ತಿಳಿಹಳದಿಯ ಬಣ್ಣ ಬಳಿಸಬೇಕೆಂದು ಅಂಗಡಿಯಿಂದ ಎರಡು ಮಾದರಿ ಚೀಟಿಗಳನ್ನು ತಂದಿದ್ದೆವು. ಒಂದು ಬೆಣ್ಣೆಯ ಬಣ್ಣ, ಇನ್ನೊಂದು ನಿಂಬೆಯ ಸಿಪ್ಪೆಯ ಬಣ್ಣ. ನನ್ನ ಮನಸ್ಸು ನಿಂಬೆಗೆ ಒಲಿದರೆ ನನ್ನ ಪತ್ನಿಯದು ಬೆಣ್ಣೆಗೆ. ತಾಯಿಯವರನ್ನು ಕೇಳಿದಾಗ, "ಎರಡೂ ಒಂದೇ ಅಲ್ಲವೇನಪ್ಪಾ?" ಎಂದರು. ಆಗ ಅವರ ಕಣ್ಣುಗಳಲ್ಲಿ ಪೊರೆ ಬೆಳೆದಿದ್ದಿತು.

ಈ ವಿವಾದ ತೀರುವ ಮೊದಲೇ ನಾವಿಬ್ಬರೂ ಪುದುಚೇರಿಗೆ ಹೋಗುವ ಸಂದರ್ಭವೊದಗಿತು. 1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಆ ಪಟ್ಟಣದಲ್ಲಿ, ಕಡಲಿನ ಕಡೆಯ ಬೀದಿಗಳಲ್ಲಿ ಹಳದಿಯ ಗೋಡೆಗಳೇ ಹೆಚ್ಚು. ಅವಕ್ಕೆ ಬಿಳಿಯ ಅಂಚು, ಎತ್ತರವಾದ ಬಾಗಿಲುಗಳು. ಪಾಗಾರದ ಮೇಲೆ ಚಾಚಿದ ಕಾಗದದ ಹೂವಿನ ಬಳ್ಳಿ. ಕಡಲು ಮೂಡಲಿಗಿದೆ; ಬೀದಿಗಳು ಅದರ ಜೊತೆಜೊತೆಗೇ ತೆಂಕಣಿಂದ ಬಡಗಲಿಗೆ ಸಾಗುತ್ತವೆ. ಪ್ರಾತಃಕಾಲ ಅಂಥದೊಂದು ಬೀದಿಯಲ್ಲಿ ನಡೆಯುತ್ತಿರುವಾಗ, ಪಡುವಣ ಸಾಲಿನ ಗೋಡೆಗಳು ಎಳೆಬಿಸಿಲಿನಲ್ಲಿ ಹೊನ್ನಿನಂತೆ ಹೊಳೆಯುತ್ತಿದ್ದವು. ಎದುರುಸಾಲಿನವು ನೆರಳಿನಲ್ಲಿ ಸಪ್ಪಗೆ, ತುಸು ಹಸುರಾಗಿ ತೋರಿದವು. ಇವು ಬೇರೆ ಬೇರೆ ಬಣ್ಣಗಳೆಂದು ನಾನು ನಿರ್ಧರಿಸಿಬಿಟ್ಟೆ. ಸಂಜೆ ಅಲ್ಲಿಗೇ ಬಂದು ನೋಡಿದರೆ ಹೊನ್ನು ಎದುರುಸಾಲಿಗೆ ದಾಟಿದ್ದಿತು!

"ನೋಡಿದಿರಾ? ನಮ್ಮ ಕೋಣೆಗೆ ಬಿಸಿಲು ಬೀಳುವುದೇ ಅಪರೂಪ," ಎಂದಳು ನನ್ನ ಪತ್ನಿ. ನನ್ನಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿದ ಮೇಲೆ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಯಿತು. ಪೊರೆ ಬೆಳೆದ ಕಣ್ಣು ಹಳದಿಯ ಕನ್ನಡಕ ಹಾಕಿಕೊಂಡಂತೆ. ಅದನ್ನು ತೆಗೆದರೆ ಬಿಳುಪು ಬಿಳುಪಾಗಿಯೇ ಕಾಣುವುದು. ಅಷ್ಟರಲ್ಲಿ ನಾವು ಎರಡು ಬಣ್ಣಗಳನ್ನೂ ಕೋಣೆಯ ಗೋಡೆಯ ಮೇಲೆ ಮೊಳದಗಲ ಬಳಿಸಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡತೊಡಗಿದ್ದೆವು. ಆಕಾಶದ ನೀಲಿಬೆಳಕು ಮಾತ್ರ ಬರುವ ಆ ಗೋಡೆಯ ಮೇಲೆ ನಿಂಬೆಯ ಬಣ್ಣ ಹಸುರಿಗೆ ತಿರುಗಿದ್ದಿತು; ಬೆಣ್ಣೆಯದು ಹಳದಿಯಾಗಿಯೇ ಉಳಿದಿದ್ದಿತು. ನಾವು ಏನೂ ಹೇಳದೆ ತಾಯಿಯವರನ್ನು ಅಲ್ಲಿ ನಿಲ್ಲಿಸಿದೆವು.

"ಇದು ಬಲಿಯದ ಕಾಯಿ. ಅದನ್ನೇ ಬಳಿಸಿ, ಬೆಚ್ಚಗಿದೆ," ಎಂದು ಅವರು ಬೆಣ್ಣೆಯ ಬಣ್ಣವನ್ನು ಮುಟ್ಟಿ ತೋರಿಸಿದರು.

ದಿನದ ಬಹುಭಾಗವನ್ನು ಆ ಕೋಣೆಯಲ್ಲಿ ಕಳೆಯುವವರು ಅವರು. ಅಂಗಡಿಯ ದೀಪದಡಿಯಲ್ಲಿ, ನನ್ನ ಕಣ್ಣನ್ನೇ ನಂಬಿ, ಅವಸರಪಟ್ಟಿದ್ದರೆ ಅವರ ಹೊಸ ದೃಷ್ಟಿಗೆ ನಿತ್ಯವೂ ಆ ಹಸುರು ಗೋಡೆಯೇ ಎದುರಾಗುತ್ತಿದ್ದಿತು. ಗೃಹಸ್ಥರಾದ ವಾಚಕರು ಬಣ್ಣವನ್ನು ಕೋಣೆಯಲ್ಲಿಯೇ, ಅಲ್ಲಿ ವಾಸಿಸತಕ್ಕವರ ಜೊತೆಯಲ್ಲಿಯೇ ನೋಡಿ ಆರಿಸುವುದು ಒಳಿತು.